ಕುಷ್ಟಗಿ ರಸ್ತೆಯ ಕಲ್ಲಿನ ಅಂಗಡಿ: ಕಾಕಾನ ಸಮಾಧಿಗೆ ನಾವು ಕೇಳಿದ ಗುರುತನ್ನೇ ಕೆತ್ತಿಕೊಟ್ಟರು

ಕೊಪ್ಪಳದಿಂದ ಕುಷ್ಟಗಿ ಕಡೆ ಹೋಗುವಾಗ ಗ್ರಾನೈಟ್ ಹಲಗೆಗಳನ್ನು ಸಾಲಾಗಿ ಒರಗಿಸಿಟ್ಟ ಅಂಗಡಿ ಸಿಗುತ್ತದೆ ಅಲ್ವಾ, ಅದರ ಬಗ್ಗೆ ಬರೆಯುತ್ತಿದ್ದೇನೆ. ಸಮಾಧಿ ಕಲ್ಲು ಮಾಡಿಸಬೇಕಾದವರು ಧೈರ್ಯವಾಗಿ ಹೋಗಿ. ಒಂದೆರಡು ತಕರಾರು ಇವೆ, ಆಮೇಲೆ ಹೇಳುತ್ತೇನೆ.

ನಮ್ಮ ಕಾಕಾ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಹವಾಲ್ದಾರ್ ಆಗಿ ನಿವೃತ್ತರಾದವರು. ಲಿಂಗಾಯತರು, ದಿನಾ ಲಿಂಗಪೂಜೆ ಮಾಡದೆ ನೀರೂ ಕುಡಿಯುತ್ತಿರಲಿಲ್ಲ. ನಮ್ಮ ಪದ್ಧತಿಯಂತೆ ಕೂರಿಸಿ, ಕೈಯಲ್ಲಿ ಇಷ್ಟಲಿಂಗ ಇಟ್ಟು ಹೊಲದಲ್ಲೇ ಮಣ್ಣು ಮಾಡಿದೆವು. ಚಿಗವ್ವ ಕೇಳಿದ್ದು ಇಷ್ಟೇ. ಕಲ್ಲಿನ ಮೇಲೆ ಪಲ್ಟನ್ ಹೆಸರು ಇರಬೇಕು, ಇಷ್ಟಲಿಂಗ ಇರಬೇಕು.

ಮೊದಲು ಹೋಗಿದ್ದು ಬೇರೆ ಅಂಗಡಿಗೆ, ಹೆಸರು ಬೇಡ. ಅಲ್ಲಿಯ ಹುಡುಗ ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿದ. ಓಂ, ಶಿಲುಬೆ, ಅರ್ಧಚಂದ್ರ, ಹಾವು ಸುತ್ತಿದ ಶಿವಲಿಂಗ. "ಇದರಾಗ ಒಂದು ಆರಿಸ್ರಿ, ಬ್ಯಾರೆ ಬರಂಗಿಲ್ಲ" ಅಂದ. ಚಿಗವ್ವ ಶಿವಲಿಂಗದ ಚಿತ್ರ ನೋಡಿ "ಇದು ಗುಡಿ ಲಿಂಗಪ್ಪಾ, ನಮ್ಮದು ಕೊರಳಾಗಿನ ಲಿಂಗ" ಅಂದರು. "ಎಲ್ಲಾ ಒಂದ ಅಲ್ಲೇನ್ರಿ ಯವ್ವಾ?" ಅಂತ ಅವನು. ಪಾಪ, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳಿಗೆ ಹೇಳುವ ಮಾತಲ್ಲ ಅದು. ಎದ್ದು ಬಂದೆವು.

ಈ ಅಂಗಡಿಯ ಕಂಪ್ಯೂಟರ್‌ನಲ್ಲೂ ಇದ್ದದ್ದು ಅವೇ ಚಿತ್ರಗಳು. ಆದರೆ ಇಲ್ಲಿ ಕೆಲಸ ಮಾಡುವ ಹಿರಿಯರು ಒಬ್ಬರಿದ್ದಾರೆ, ಚಾಣ ಸುತ್ತಿಗೆ ಹಿಡಿದು ಬೆಳೆದವರು. ಅವರು ಒಂದು ಹಾಳೆ ತಂದು ಚಿಗವ್ವನ ಮುಂದೆ ಇಟ್ಟು "ನೀವ ತಗದು ತೋರಸ್ರಿ ಯವ್ವಾ" ಅಂದರು. ಚಿಗವ್ವನಿಗೆ ಚಿತ್ರ ಬರೆಯಲು ಬರುವುದಿಲ್ಲ. ಆಗ ಅವರೇ ಚಿಗವ್ವನ ಎಡಗೈಯನ್ನು ಹಾಳೆ ಮೇಲೆ ಇಡಿಸಿ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆದರು. ನಡುವೆ ಲಿಂಗ ಎಷ್ಟು ದೊಡ್ಡದಿರಬೇಕು, ಅಂಗೈಯ ಯಾವ ಜಾಗದಲ್ಲಿ ಬರಬೇಕು ಅಂತ ಚಿಗವ್ವ ಬೆರಳಿಟ್ಟು ತೋರಿಸಿದರು. ಕಲ್ಲಿನ ಮೇಲೆ ಈಗ ಇರುವುದು ಅದೇ ಅಂಗೈ. ಅಕ್ಷರಗಳಿಗೆ ಮಷಿನ್, ಅಂಗೈ ಮತ್ತು ಲಿಂಗಕ್ಕೆ ಕೈಕೆತ್ತನೆ. ಬೆರಳ ಗೆಣ್ಣಿನ ಗೆರೆಗಳೂ ಕಾಣುತ್ತವೆ.

ಇದನ್ನು ಇಷ್ಟು ಉದ್ದ ಬರೆಯಲು ಕಾರಣ ಇದೆ. ಇದೇ ವಿಷಯಕ್ಕೆ ಅಮೆರಿಕದಲ್ಲಿ ಒಬ್ಬ ಸೈನಿಕನ ಹೆಂಡತಿ ಕೋರ್ಟಿಗೆ ಹೋಗಬೇಕಾಯಿತು. ನೆವಾಡಾ ರಾಜ್ಯದ ಸಾರ್ಜೆಂಟ್ ಪ್ಯಾಟ್ರಿಕ್ ಸ್ಟೀವರ್ಟ್ 2005ರಲ್ಲಿ ಅಫ್ಘಾನಿಸ್ತಾನದಲ್ಲಿ ಹೆಲಿಕಾಪ್ಟರ್ ಮೇಲೆ ನಡೆದ ದಾಳಿಯಲ್ಲಿ ತೀರಿಕೊಂಡರು. ಅವರದು ವಿಕ್ಕಾ ಅನ್ನುವ ಸಣ್ಣ ಧರ್ಮ, ಅದರ ಗುರುತು ವೃತ್ತದೊಳಗಿನ ಐದು ಮೊನೆಯ ನಕ್ಷತ್ರ. ಅಲ್ಲಿನ ಮಾಜಿ ಸೈನಿಕರ ಇಲಾಖೆಯ ಪಟ್ಟಿಯಲ್ಲಿ ಆಗ 38 ಗುರುತುಗಳಿದ್ದವು. ಶಿಲುಬೆ, ಯಹೂದಿಗಳ ನಕ್ಷತ್ರ, ಬೌದ್ಧರ ಚಕ್ರ ಇದ್ದವು, ದೇವರನ್ನು ನಂಬದವರಿಗೂ ಒಂದಿತ್ತು. ಇವರದು ಮಾತ್ರ ಇಲ್ಲ. ವಿಕ್ಕಾದವರು 1990ರ ದಶಕದಿಂದಲೇ ಅರ್ಜಿ ಹಾಕುತ್ತಿದ್ದರು, ಉತ್ತರ ಬರುತ್ತಿರಲಿಲ್ಲ. ಪ್ಯಾಟ್ರಿಕ್ ಹೆಸರು ಬರಬೇಕಾದ ಜಾಗ ಸ್ಮಾರಕದ ಗೋಡೆಯಲ್ಲಿ ಖಾಲಿಯೇ ಉಳಿಯಿತು. ಹೆಂಡತಿ ರಾಬರ್ಟಾ ಬಿಡಲಿಲ್ಲ. 2006ರಲ್ಲಿ ನೆವಾಡಾ ರಾಜ್ಯವೇ ಮುಂದೆ ಬಂದು ಆ ಗುರುತಿನ ಫಲಕ ಹಾಕಿಸಿತು. 2007ರ ಏಪ್ರಿಲ್‌ನಲ್ಲಿ ಕೇಂದ್ರದ ಇಲಾಖೆ ರಾಜಿಗೆ ಬಂದು ನಕ್ಷತ್ರವನ್ನು ಪಟ್ಟಿಗೆ ಸೇರಿಸಿತು. ಉತ್ತರ ಯುರೋಪಿನ ಹಳೆಯ ನಾರ್ಸ್ ದೇವರನ್ನು ನಂಬುವವರ ಸುತ್ತಿಗೆಯ ಗುರುತು ಬಂದಿದ್ದು 2013ರಲ್ಲಿ. ದೇಶಕ್ಕೆ ಜೀವ ಕೊಟ್ಟವನ ದೇವರು ಪಟ್ಟಿಯಲ್ಲಿಲ್ಲ ಅಂತ ಹೇಳುವುದು ನನಗೆ ತುಂಬಾ ದೊಡ್ಡ ಅನ್ಯಾಯ ಅನಿಸುತ್ತದೆ.

ನಮ್ಮಲ್ಲೂ ಇದು ಸುಲಭದ ವಿಷಯವಲ್ಲ. ಲಿಂಗಾಯತ ಪ್ರತ್ಯೇಕ ಧರ್ಮ ಅಂತ 2018ರಲ್ಲಿ ರಾಜ್ಯ ಸರ್ಕಾರ ಕೇಂದ್ರಕ್ಕೆ ಶಿಫಾರಸು ಮಾಡಿದಾಗ ನಮ್ಮ ಮನೆಯಲ್ಲೇ ಎರಡು ಪಾರ್ಟಿ ಆಗಿತ್ತು. ಕಾಕಾ ಒಂದು ಕಡೆ, ಅವರ ತಮ್ಮ ಇನ್ನೊಂದು ಕಡೆ. ಆ ವಾದ ಯಾವಾಗ ಬೇಕಾದರೂ ಮುಗಿಯಲಿ. ಸಮಾಧಿ ಮೇಲೆ ಏನಿರಬೇಕು ಅನ್ನುವುದನ್ನು ಹೇಳಬೇಕಾದವರು ಮನೆಯವರು, ಕೆತ್ತುವವರು ಅದನ್ನು ಕೇಳಿಸಿಕೊಳ್ಳಬೇಕು. ಈ ಅಂಗಡಿಯವರು ಕೇಳಿಸಿಕೊಂಡರು.

ಈಗ ಕೆಲಸದ ವಿಷಯ. ಕಲ್ಲು ಬೂದು ಗ್ರಾನೈಟ್, ಎರಡೂವರೆ ಅಡಿ ಎತ್ತರ. ನಾವು ಬಂಗಾರದ ಬಣ್ಣ ತುಂಬಿಸೋಣ ಅಂದಿದ್ದೆವು. ಹಿರಿಯರು ಬೇಡ ಅಂದರು. ಹೊಲದ ಬಿಸಿಲಿಗೆ ಬಣ್ಣ ನಿಲ್ಲುವುದಿಲ್ಲ, ಆಳವಾಗಿ ಕೆತ್ತಿದರೆ ನಿಲ್ಲುತ್ತದೆ, ಗವಿಮಠದ ಬೆಟ್ಟದಲ್ಲಿ ಅಶೋಕನ ಶಾಸನಕ್ಕೆ ಯಾರು ಬಣ್ಣ ಹಚ್ಚಿದ್ದಾರೆ ಅಂತ ಕೇಳಿದರು. ಅವರ ಮಾತು ಕೇಳಿದ್ದು ಒಳ್ಳೆಯದಾಯಿತು. ಸಂಜೆ ಓರೆ ಬಿಸಿಲಿಗೆ ದೂರದಿಂದಲೇ ಓದಬಹುದು.

ರೇಟು ಅಕ್ಷರದ ಲೆಕ್ಕದಲ್ಲಿ. ಒತ್ತಕ್ಷರಕ್ಕೆ ಬೇರೆ ದುಡ್ಡು ಹಿಡಿಯಲಿಲ್ಲ, ಇದನ್ನು ಮೊದಲೇ ಕೇಳಿಕೊಳ್ಳಿ, ಕೆಲವು ಕಡೆ ಹಿಡಿಯುತ್ತಾರೆ. ಮೊದಲ ಮಹಾಯುದ್ಧದಲ್ಲಿ ಸತ್ತ ಬ್ರಿಟಿಷ್ ಸೈನಿಕರ ಮನೆಯವರಿಗೂ ಹೀಗೇ ಅಕ್ಷರಕ್ಕೆ ಮೂರೂವರೆ ಪೆನ್ನಿ ಅಂತ ಕೇಳಿದ್ದರಂತೆ, ಅದೂ 66 ಅಕ್ಷರದೊಳಗೆ. ಆಫೀಸರ್‌ಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು ಅನ್ನುವ ಒಳ್ಳೆಯ ನಿಯಮವನ್ನೂ ಹಾಗೆ ದುಡ್ಡು ಕೇಳಿದ ಯುದ್ಧ ಸಮಾಧಿ ಆಯೋಗದವರೇ ಮಾಡಿದ್ದರು. ನಮ್ಮ ಕಲ್ಲಿಗೆ ಅಂಗೈ ಕೆತ್ತಿದ್ದಕ್ಕೆ ಜಾಸ್ತಿ ಕೊಟ್ಟೆವು. ಕೊಟ್ಟಿದ್ದಕ್ಕೆ ಬೇಜಾರಿಲ್ಲ.

ತಕರಾರು ಅಂದೆನಲ್ಲ. ಹೇಳಿದ ದಿನಕ್ಕೆ ಕಲ್ಲು ಸಿಗಲಿಲ್ಲ, ಫೋನ್ ಮಾಡಿದರೆ ಎತ್ತುವುದೂ ಕಡಿಮೆ. ಮಷಿನ್‌ಗೆ ಹಾಕುವ ಮುಂಚೆ ತೋರಿಸಿದ ಪ್ರಿಂಟ್‌ನಲ್ಲಿ ಹವಾಲ್ದಾರ್ ಹೋಗಿ ಹವಲ್ದಾರ್ ಆಗಿತ್ತು. ನಾವು ಹೇಳಿದ ಮೇಲೆ ತಿದ್ದಿದರು, ಆದರೆ ಓದದೆ ಸಹಿ ಹಾಕಿದ್ದರೆ ಕಲ್ಲಿನ ಮೇಲೆ ಹಾಗೇ ಬರುತ್ತಿತ್ತು. ಟ್ರ್ಯಾಕ್ಟರ್ ಬಾಡಿಗೆ, ಇಳಿಸುವ ಹಮಾಲಿ ಬಿಲ್‌ನಲ್ಲಿ ಸೇರಿಲ್ಲ, ಅದನ್ನೂ ಕೊನೆಗೆ ಹೇಳುತ್ತಾರೆ. ಇದು ಸರಿಯಲ್ಲ.

ಐದಕ್ಕೆ ನಾಲ್ಕೂವರೆ. ನಿಮ್ಮದು ಯಾವ ಮತವಾದರೂ, ಎಷ್ಟು ಸಣ್ಣ ಸಮುದಾಯವಾದರೂ, ನಿಮ್ಮ ಗುರುತಿನ ಚಿತ್ರ ಅಥವಾ ಫೋಟೋ ಒಂದು ಜೊತೆಗೆ ಒಯ್ಯಿರಿ. ಕೌಂಟರ್‌ನಲ್ಲಿ ಕೂತ ಹುಡುಗನ ಹತ್ತಿರ ಅಲ್ಲ, ಹಿಂದೆ ಶೆಡ್‌ನಲ್ಲಿ ಕೆಲಸ ಮಾಡುವ ಹಿರಿಯರ ಹತ್ತಿರವೇ ಮಾತಾಡಿ. ಮಧ್ಯಾಹ್ನ ಊಟದ ಹೊತ್ತು ಬಿಟ್ಟು ಹೋದರೆ ಸಿಗುತ್ತಾರೆ.