ನಿಮ್ಹಾನ್ಸ್ ಅಡಿಕ್ಷನ್ ವಿಭಾಗ: ಕುಡಿದು ಕುಡಿದು ಮೆದುಳಿಗೆ ಪೆಟ್ಟು ಬಿದ್ದವ್ರ ಮನೆಯೋರು ಓದ್ಲಿ ಅಂತ

ಬೆಂಗಳೂರು ಹೊಸೂರು ರೋಡಲ್ಲಿರೋ ನಿಮ್ಹಾನ್ಸ್‌ನ ಸೆಂಟರ್ ಫಾರ್ ಅಡಿಕ್ಷನ್ ಮೆಡಿಸಿನ್‌ಗೆ ನಾನು ಐದಕ್ಕೆ ಐದು ಸ್ಟಾರ್ ಕೊಡ್ತೀನಿ. ಅಲ್ಲಿ ಮೊದ್ಲು ಮೆದುಳು ಉಳಿಸೋ ಕೆಲ್ಸ, ಕುಡಿತ ಬಿಡಿಸೋ ಮಾತು ಆಮೇಲೆ. ಈ ವ್ಯತ್ಯಾಸ ಎಷ್ಟು ದೊಡ್ಡದು ಅಂತ ನಮ್ ಭಾವನ್ನ ನೋಡಿದ್ಮೇಲೆ ಗೊತ್ತಾಯ್ತು.

ಭಾವ ಹಾಸನ ಕಡೆಯೋರು, ಗಾರೆ ಮೇಸ್ತ್ರಿ, ಇನ್ನೂ ಐವತ್ತು ದಾಟಿಲ್ಲ. ಮೊದ್ಲು ಸಾರಾಯಿ, 2007ರಲ್ಲಿ ಸಾರಾಯಿ ನಿಂತ್ಮೇಲೆ ಟೆಟ್ರಾ ಪ್ಯಾಕ್ ವಿಸ್ಕಿ. ಕೊನೆಕೊನೆಗೆ ಬೆಳಿಗ್ಗೆ ಎದ್ದ ತಕ್ಷಣ ಒಂದು ನೈಂಟಿ ಹೋಗ್ಲಿಲ್ಲ ಅಂದ್ರೆ ಕೈ ನಡುಗಿ ಕರಣೆ ಹಿಡಿಯಕ್ಕೇ ಆಗ್ತಿರ್ಲಿಲ್ಲ, ಊಟ ಅಂತೂ ಇಲ್ವೇ ಇಲ್ಲ, ಅಕ್ಕ ಬಿಸಿ ಮುದ್ದೆ ತಟ್ಟೆಗೆ ಹಾಕಿದ್ರೆ ಎರಡು ತುತ್ತು ಮುರಿದು ಎದ್ಬಿಡೋರು. ವಾಂತಿ ಜಾಸ್ತಿ ಆದಾಗ ಹತ್ರದ ಒಂದು ಕ್ಲಿನಿಕ್ಕಲ್ಲಿ ಎರಡು ಬಾಟ್ಲು ಗ್ಲೂಕೋಸ್ ಹಾಕಿ ಕಳಿಸಿದ್ರು. ಅಲ್ಲಿಂದ ಸೀದಾ ಒಂದು ಪ್ರೈವೇಟ್ ಡಿಅಡಿಕ್ಷನ್ ಸೆಂಟರ್, ಹೆಸ್ರು ಬೇಡ. ಅಲ್ಲಿ ರಾತ್ರಿ ಡಾಕ್ಟ್ರೇ ಇರ್ತಿರ್ಲಿಲ್ಲ, ಮನೆಯೋರು ನೋಡಕ್ಕೆ ಹೋದ್ರೆ ಗೇಟಲ್ಲೇ ವಾಪಸ್ ಕಳಿಸೋರು. ಕುಡಿತ ಏಕ್ದಂ ನಿಲ್ಲಿಸಿ ರೂಮಲ್ಲಿ ಹಾಕಿದ್ರು. ಎರಡ್ಮೂರು ದಿನಕ್ಕೆ ಭಾವ ಗೋಡೆ ಮೇಲೆಲ್ಲಾ ಹುಳ ಹರೀತಿದಾವೆ ಅಂತ ಕಿರುಚಕ್ಕೆ ಶುರು ಮಾಡಿದ್ರೆ, ನಾಟಕ ಮಾಡ್ತಾನೆ ಅಂತ ಮಂಚಕ್ಕೆ ಕಟ್ಟಿ ಹಾಕಿದ್ರಂತೆ. ಅದು ನಾಟಕ ಅಲ್ಲ ಸ್ವಾಮಿ, ಡೆಲಿರಿಯಂ ಟ್ರೆಮೆನ್ಸ್. ವರ್ಷಗಟ್ಲೆ ದಿನಾ ಕುಡಿಯೋರು ಒಮ್ಮೆಲೇ ನಿಲ್ಲಿಸಿದ್ರೆ ಫಿಟ್ಸ್ ಬರಬಹುದು, ಹೀಗೆ ಭ್ರಮೆ ಬರಬಹುದು, ಔಷಧಿ ಕೊಡ್ದಿದ್ರೆ ಜೀವಾನೇ ಹೋಗ್ಬಹುದು. ಅಕ್ಕ ಜಗಳ ಆಡಿ ಆಚೆ ಕರ್ಕೊಂಡು ಬಂದಾಗ ಭಾವನಿಗೆ ತಾನೆಲ್ಲಿದೀನಿ ಅನ್ನೋದೇ ಗೊತ್ತಿರ್ಲಿಲ್ಲ.

ನಿಮ್ಹಾನ್ಸ್ ಎಮರ್ಜೆನ್ಸಿಯಲ್ಲಿದ್ದ ಡಾಕ್ಟ್ರು ಚಿಕ್ಕ ವಯಸ್ಸಿನ ಹುಡುಗಿ. ಬೆರಳು ತೋರ್ಸಿ "ಯಜಮಾನ್ರೇ, ತಲೆ ಅಲ್ಲಾಡಿಸ್ದೆ ಇದನ್ನೇ ನೋಡಿ" ಅಂದ್ರು. ಬೆರಳು ಪಕ್ಕಕ್ಕೆ ಹೋದ ಹಾಗೆ ಭಾವನ ಕಣ್ಣುಗುಡ್ಡೆ ಪಟಪಟ ಅಂತ ಅದುರ್ತಾ ಇತ್ತು. ನಡೆಸಿ ನೋಡಿದ್ರು, ಕಾಲು ಅಗಲ ಮಾಡ್ಕೊಂಡು ತೂರಾಡ್ತಿದ್ರು, ಅವತ್ತು ಒಂದು ತೊಟ್ಟೂ ಕುಡಿದಿರ್ಲಿಲ್ಲ. ಆಮೇಲೆ ಅಕ್ಕನ್ನ ಒಂದೇ ಪ್ರಶ್ನೆ ಕೇಳಿದ್ರು, ಇವ್ರು ಸರಿಯಾಗಿ ಊಟ ಮಾಡಿ ಎಷ್ಟು ದಿನ ಆಯ್ತು ಅಂತ. ಸ್ಕ್ಯಾನಿಗೂ ಕಾಯ್ಲಿಲ್ಲ, ರಕ್ತನಾಳಕ್ಕೆ ಥಯಮಿನ್ ಶುರು ಮಾಡಿಸಿದ್ರು, 500 ಎಂಜಿ, ದಿನಕ್ಕೆ ಮೂರು ಸಲ. ನಡುಕ, ಭ್ರಮೆಗೆ ಲೋರಜೆಪಾಮ್ ಬೇರೆ.

ಥಯಮಿನ್ ಅಂದ್ರೆ ಬಿ1 ವಿಟಮಿನ್ನೇ. ಡಾಕ್ಟ್ರು ಅಕ್ಕನಿಗೆ ಅರ್ಥ ಆಗೋ ಹಾಗೆ ಹೇಳಿದ್ದನ್ನ ಇಲ್ಲಿ ಹಾಕ್ತೀನಿ. ಮೆದುಳು ಸಕ್ಕರೆಯಿಂದ ಶಕ್ತಿ ತಗೋಬೇಕು ಅಂದ್ರೆ ಬಿ1 ಬೇಕೇ ಬೇಕು, ಆದ್ರೆ ಮೈಯಲ್ಲಿ ಅದ್ರ ದಾಸ್ತಾನು ಎರಡು ಮೂರು ವಾರಕ್ಕೆ ಆಗುವಷ್ಟೇ ಇರೋದು. ಕುಡಿಯೋರು ಊಟ ಬಿಡ್ತಾರೆ, ತಿಂದ ಚೂರುಪಾರು ಅನ್ನದಲ್ಲೂ, ಪಾಲಿಶ್ ಅಕ್ಕಿ ಆದ್ರಿಂದ, ಅದು ಕಮ್ಮಿ, ಅದ್ರ ಮೇಲೆ ಆಲ್ಕೋಹಾಲು ಕರುಳಿಂದ ಅದನ್ನ ಹೀರ್ಕೊಳ್ಳಕ್ಕೂ ಬಿಡಲ್ಲ. ಅಂಥವ್ರಿಗೆ ಬಿ1 ಇಲ್ದೆ ಬರೀ ಗ್ಲೂಕೋಸ್ ಏರ್ಸಿದ್ರೆ ಉಳಿದಿರೋ ಒಂಚೂರೂ ಖರ್ಚಾಗಿ ಮೆದುಳಿಗೆ ಇನ್ನೂ ಹೊಡೆತ. ಶುಗರ್ ತೀರಾ ಇಳಿದಿದ್ರೆ ಗ್ಲೂಕೋಸ್ ತಡ ಮಾಡಂಗಿಲ್ಲ, ಆದ್ರೆ ಬಿ1 ಜೊತೆಗೇ ಹೋಗ್ಬೇಕು. ಬಿ1 ಸಾಲದೆ ಹೀಗೆ ಕಣ್ಣು ಅದುರಿ, ನಡಿಗೆ ತೂರಾಡೋ ಈ ಕಾಯಿಲೆಗೆ ವೆರ್ನಿಕೆ ಅಂತಾರೆ, 1881ರಲ್ಲೇ ಬರೆದಿಟ್ಟಿರೋ ಕಾಯಿಲೆ, ಔಷಧಿಯೋ ತೀರಾ ಅಗ್ಗ. ಹಾಗಿದ್ದೂ 'ಸುಸ್ತಾಗಿದಾನೆ, ಎರಡು ಬಾಟ್ಲು ಹಾಕ್ಸಿ' ಅನ್ನೋದು ನಮ್ ಕಡೆ ಇನ್ನೂ ನಿಂತಿಲ್ಲ, ಇದು ನನಗೆ ತುಂಬಾ ಸಂಕಟ ಆಗೋ ವಿಷ್ಯ.

ಕಣ್ಣು ಕೆಲವೇ ದಿನದಲ್ಲಿ ಸರಿ ಹೋಯ್ತು. ನೆನಪು ಸರಿ ಹೋಗ್ಲಿಲ್ಲ. ಬೆಳಿಗ್ಗೆ ರೌಂಡ್ಸಲ್ಲಿ ಬೀಗ, ಎತ್ತು, ಮಾವಿನಹಣ್ಣು ಅಂತ ಮೂರು ಪದ ಹೇಳಿ ಐದು ನಿಮಿಷ ಬಿಟ್ಟು ಕೇಳಿದ್ರೆ, ಯಾವ ಪದ, ಯಾರು ಹೇಳಿದ್ರು ಅನ್ನೋರು. ಬೆಳಿಗ್ಗೆಯಿಂದ ಏನ್ ಮಾಡಿದ್ರಿ ಅಂದ್ರೆ "ಅರಸೀಕೆರೇಲಿ ಮೋಲ್ಡ್ ಇತ್ತಲ್ಲ ಸಾರ್, ಮುಗಿಸ್ಕೊಂಡು ಈಗ ಬಂದೆ, ಜಲ್ಲಿ ಸ್ವಲ್ಪ ಕಮ್ಮಿ ಬಿತ್ತು" ಅಂತ ಅಷ್ಟು ನಿಜ ಅನ್ನೋ ಹಾಗೆ ಹೇಳೋರು, ಮಂಚ ಬಿಟ್ಟೇ ಇಳಿದಿರ್ಲಿಲ್ಲ. ಸುಳ್ಳು ಹೇಳ್ತಾರಲ್ಲ ಅಂತ ಅಕ್ಕ ಅತ್ತಾಗ ಡಾಕ್ಟ್ರು ಕೂರಿಸ್ಕೊಂಡು ಹೇಳಿದ್ರು, ಇದು ಸುಳ್ಳಲ್ಲಮ್ಮ, ನೆನಪು ಖಾಲಿ ಇರೋ ಕಡೆ ಮೆದುಳು ತಾನೇ ತುಂಬ್ಕೊಳ್ಳತ್ತೆ, ಅವ್ರಿಗೆ ಅದು ನಿಜಾನೇ, ವಾದ ಮಾಡ್ಬೇಡಿ. ಇದಕ್ಕೆ ಕೊರ್ಸಕೊಫ್ ಅಂತ ಹೆಸ್ರು. ಇಷ್ಟು ವರ್ಷ ಆಣೆ ಪ್ರಮಾಣ ಕೇಳಿ ಕೇಳಿ ಸುಸ್ತಾದ ಹೆಂಗಸಿಗೆ ಆ ಮಾತು ಎಷ್ಟು ದೊಡ್ಡದು ಅಂತ ನಾನು ಕಣ್ಣಾರೆ ನೋಡಿದೀನಿ.

ಇನ್ನೊಂದು ವಿಷ್ಯ ಅಲ್ಲಿ ಬಹಳ ಹಿಡಿಸ್ತು. ಕುಡಿದ್ರೆ ವಾಂತಿ, ಎದೆ ಡವಡವ ಬರಿಸೋ ಡೈಸಲ್ಫಿರಾಂ ಮಾತ್ರೆ ಕೊಡಿ ಅಂತ ನಾವೇ ಕೇಳಿದ್ವಿ. ಆಗಲ್ಲ ಅಂದ್ರು. ಮಾತ್ರೆ ತಗೊಂಡಿದೀನಿ ಅನ್ನೋದು ನೆನಪಿರ್ದೇ ಇರೋರು ಕುಡಿದುಬಿಟ್ರೆ ಅಪಾಯ ಅಂತ. 'ಅವರಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿ' ಅಂತ ಬಸ್ ಸ್ಟ್ಯಾಂಡ್ ಗೋಡೆಗಳ ಮೇಲೆ ಅಂಟಿಸಿರೋ ಪುಡಿ ತರ್ಸೋರು ದಯವಿಟ್ಟು ಇದನ್ನ ಯೋಚನೆ ಮಾಡಿ, ಒಳಗೆ ಏನಿದೆ ಅಂತ ಗೊತ್ತಿಲ್ದೇ ಇರೋದನ್ನ ಗಂಡನಿಗೋ ಮಗನಿಗೋ ಹಾಕ್ಬೇಡಿ.

ಅಲ್ಲಿಗೆ ಬರೋರೆಲ್ಲಾ ವಯಸ್ಸಾದ ಕುಡುಕ್ರು ಅಂದ್ಕೋಬೇಡಿ. ಪಂಕ್ಚರ್ ಸೊಲ್ಯೂಷನ್, ವೈಟ್ನರ್ ಮೂಸೋ ಹುಡುಗ್ರೂ ಬರ್ತಾರೆ, ಮೀಸೆ ಸಹ ಸರಿಯಾಗಿ ಬಂದಿರಲ್ಲ. ಅಂಥ ಅಂಟು, ಸಾಲ್ವೆಂಟ್‌ಗಳಲ್ಲಿರೋ ಟೊಲ್ವೀನ್ ಅನ್ನೋದು ಮೆದುಳೊಳಗಿನ ನರತಂತುಗಳನ್ನೇ ಹಾಳ್ಮಾಡತ್ತೆ. ಅವ್ರಿಗೂ ಬೈಗುಳ ಇಲ್ಲ, ಅದೇ ಪರೀಕ್ಷೆ, ಅದೇ ಮರ್ಯಾದೆ.

ಈಗ ಭಾವ ಮನೇಲಿದಾರೆ. ಕುಡಿತ ಇಲ್ಲ. ನಡಿಗೆ ಎಷ್ಟೋ ವಾಸಿ, ಆದ್ರೆ ಕತ್ತಲಲ್ಲಿ ಗೋಡೆ ಹಿಡ್ಕೋಬೇಕು. ವಾರ್ಡಲ್ಲಿ ಹೇಳ್ಕೊಟ್ಟ ಹಾಗೆ ಅಕ್ಕ ದೊಡ್ಡ ಅಕ್ಷರದ ಕ್ಯಾಲೆಂಡರ್ ಹಾಕಿದಾಳೆ, ಕನ್ನಡಕ, ಮಾತ್ರೆ, ಚಪ್ಪಲಿ ಎಲ್ಲಕ್ಕೂ ಒಂದೇ ಜಾಗ. ಕುಡಿತ ಪೂರ್ತಿ ಬಿಟ್ಟು ಊಟ ಸರಿ ಮಾಡಿದ್ರೆ ಕುಗ್ಗಿದ ಮೆದುಳು ತಿಂಗಳುಗಟ್ಲೆ ತಗೊಂಡು ಸ್ವಲ್ಪ ಸ್ವಲ್ಪ ಚೇತರಿಸ್ಕೊಳ್ಳತ್ತೆ, ಆದ್ರೆ ಎಲ್ರಿಗೂ ಪೂರ್ತಿ ವಾಪಸ್ ಬರಲ್ಲ ಅಂತ ಡಿಸ್ಚಾರ್ಜ್ ದಿನಾನೇ ಬಾಯ್ಬಿಟ್ಟು ಹೇಳಿದ್ರು, ಆಸೆ ತೋರ್ಸಿ ಕಳಿಸ್ಲಿಲ್ಲ. ಅದಕ್ಕೂ ನನ್ನ ಸ್ಟಾರ್ ಇದೆ.

ಪ್ರೈವೇಟ್ ಸೆಂಟರ್‌ಗೇ ಸೇರಿಸೋ ಪರಿಸ್ಥಿತಿ ಇದ್ರೆ ರಿಜಿಸ್ಟ್ರೇಷನ್ ತೋರ್ಸಿ ಅನ್ನಿ, ರಾತ್ರಿ ಯಾವ ಡಾಕ್ಟ್ರು ಇರ್ತಾರೆ ಕೇಳಿ, ಸೇರಿಸಿದ ದಿನಾನೇ ಬಿ1 ಇಂಜೆಕ್ಷನ್ ಕೊಡ್ತೀರಾ ಕೇಳಿ. ಸರಪಳಿ ಹಾಕೋದು, ಬಲವಂತವಾಗಿ ತಲೆ ಬೋಳಿಸೋದು 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ತಪ್ಪು, ಕುಡಿತ, ಡ್ರಗ್ಸ್‌ನಿಂದ ಬಂದ ಮಾನಸಿಕ ತೊಂದ್ರೆಗೂ ಅದೇ ಕಾಯ್ದೆ. ಯಾರನ್ನ ಕೇಳ್ಬೇಕು ಗೊತ್ತಾಗ್ದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಗೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ನಿಮ್ಹಾನ್ಸ್‌ಗೆ ಬರೋದಾದ್ರೆ ಬೆಳಿಗ್ಗೆ ಬೇಗ ಬನ್ನಿ, ಬಿಪಿಎಲ್ ಕಾರ್ಡ್, ಹಳೇ ಚೀಟಿಗಳು ಜೊತೆಗಿರ್ಲಿ, ಮನೆಯೋರು ಒಬ್ರು ಜೊತೇಲಿ ಉಳ್ಕೊಳ್ಳೋ ಹಾಗೆ ಬಟ್ಟೆಬರೆ ತಗೊಂಡೇ ಬನ್ನಿ. ಕೊನೇ ಸಲ ಕುಡಿದಿದ್ದು ಯಾವ ದಿನ, ಎಷ್ಟು ಹೊತ್ತಿಗೆ, ಕೊನೇ ಸಲ ಹೊಟ್ಟೆ ತುಂಬಾ ಉಂಡಿದ್ದು ಯಾವಾಗ, ಇಷ್ಟನ್ನ ಒಂದು ಚೀಟೀಲಿ ಬರ್ಕೊಂಡು ಬಂದ್ರೆ ಡಾಕ್ಟ್ರಿಗೆ ಅರ್ಧ ಕೆಲ್ಸ ಕಮ್ಮಿ ಆಗತ್ತೆ.