ಎಂಜಿಬಿ ರೋಡ್‌ಸ್ಟರ್‌ಗೆ ಹೊಸ ಹುಡ್: ಬಟ್ಟೆಗೆ ಪೂರ್ಣ ಅಂಕ, ಬಟನ್‌ಗಳಿಗೆ ಸೊನ್ನೆ

ತೆರೆದ ಕಾರಿನ ಮೇಲಿನ ಬಟ್ಟೆಯ ಚಾವಣಿಯನ್ನು ಇಂಗ್ಲೆಂಡಿನವರು ಹುಡ್ ಎನ್ನುತ್ತಾರೆ. ಅಮೆರಿಕದವರ ಬಾಯಲ್ಲಿ ಅದೇ ಪದ ಬಾನೆಟ್ಟಿಗೆ ಸಲ್ಲುವುದರಿಂದ, ಅಂತರಜಾಲದಲ್ಲಿ ಬಿಡಿಭಾಗ ಹುಡುಕುವಾಗ ಒಮ್ಮೆಯಾದರೂ ತಪ್ಪು ಪುಟಕ್ಕೆ ಹೋಗಿ ಬೀಳುವುದು ಖಚಿತ. ಆಕ್ಸ್‌ಫರ್ಡ್‌ನ ನಮ್ಮ ಮನೆಯ ಗ್ಯಾರೇಜಿನಲ್ಲಿ ಮೂರು ವರ್ಷ ಬಿಚ್ಚಿಕೊಂಡು ಬಿದ್ದಿದ್ದ 1972ರ ಎಂಜಿಬಿ ರೋಡ್‌ಸ್ಟರ್‌ಗೆ ನಾನು ಕಪ್ಪು ಮೊಹೇರ್ ಹುಡ್ ಕಿಟ್ ಹಾಕಿ ಈಗ ಹದಿನಾಲ್ಕು ತಿಂಗಳಾಯಿತು. ಹೊಸದರಲ್ಲಿ ಎಲ್ಲ ಹುಡ್‌ಗಳೂ ಚೆನ್ನಾಗಿಯೇ ಕಾಣುತ್ತವೆ ಎಂಬ ಕಾರಣಕ್ಕೆ, ಒಂದು ಇಡೀ ಚಳಿಗಾಲದ ಮಳೆ ಕಂಡ ಮೇಲೆಯೇ ಅದರ ಬಗ್ಗೆ ಬರೆಯಬೇಕೆಂದು ಕಾದಿದ್ದೆ.

ಕಾರಿನೊಂದಿಗೆ ಬಂದಿದ್ದ ಹಳೆಯ ಹುಡ್ ವಿನೈಲಿನದು; ನಮ್ಮ ಕಡೆಯ ರೆಕ್ಸಿನ್ ಎಂದುಕೊಂಡರೆ ಸಾಕು. ವಯಸ್ಸಾದಂತೆ ಅದು ಎಷ್ಟು ಕುಗ್ಗಿತ್ತೆಂದರೆ, ಮುಂದಿನ ಎರಡು ಚಿಲಕಗಳನ್ನು ಹಾಕಲು ಸೀಟಿನ ಮೇಲೆ ಮೊಣಕಾಲೂರಿ ಜೋತುಬೀಳಬೇಕಾಗಿತ್ತು, ಹಿಂದಿನ ಕಿಟಕಿಯಂತೂ ಚಹಾ ಸೋಸುವ ಬಟ್ಟೆಯ ಬಣ್ಣಕ್ಕೆ ತಿರುಗಿತ್ತು.

ಎಂಜಿಬಿ 1962ರಿಂದ 1980ರವರೆಗೆ ಇಲ್ಲಿಂದ ಕೆಲವೇ ಮೈಲಿ ದೂರದ ಅಬಿಂಗ್‌ಡನ್‌ನಲ್ಲಿ ತಯಾರಾದ ಕಾರು. ಮುಚ್ಚಿದ ಜಿಟಿ ಮಾದರಿಯನ್ನೂ ಸೇರಿಸಿದರೆ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು, ಹಳೆಯ ಅಚ್ಚುಗಳಿಂದ ಪೂರ್ತಿ ಹೊಸ ಬಾಡಿಯನ್ನೇ ತಯಾರಿಸುವ ಕೆಲಸವನ್ನು ಬ್ರಿಟಿಷ್ ಮೋಟರ್ ಹೆರಿಟೇಜ್ ಸಂಸ್ಥೆ 1988ರಲ್ಲಿ ಆರಂಭಿಸಿತು. ಹೀಗಾಗಿ ಈ ಕಾರಿನ ಮಟ್ಟಿಗೆ ಹುಡ್ ಸಿಗುತ್ತದೆಯೋ ಇಲ್ಲವೋ ಎಂಬ ಚಿಂತೆಯಿಲ್ಲ, ಯಾವುದನ್ನು ಕೊಳ್ಳುವುದು ಎಂಬುದೇ ಚಿಂತೆ. ಆರಂಭದ ಕಾರುಗಳಲ್ಲಿ ಹುಡ್ಡಿನ ಬಟ್ಟೆಯನ್ನು ಹೊರುವ ಚೌಕಟ್ಟನ್ನು ಬಿಡಿಬಿಡಿಯಾಗಿ ಕಳಚಿ ಡಿಕ್ಕಿಯಲ್ಲಿಡುವ ಒಂದು ಬಗೆಯಿತ್ತು. 1971ರ ಮಾದರಿಯಿಂದ ಬಂದದ್ದು ಇಟಲಿಯ ಮಿಕೆಲೊಟ್ಟಿ ವಿನ್ಯಾಸಗೊಳಿಸಿದ, ಸೀಟಿನ ಹಿಂದಕ್ಕೆ ಮಡಚಿಕೊಳ್ಳುವ ಚೌಕಟ್ಟು. ಒಂದರ ಬಟ್ಟೆ ಇನ್ನೊಂದಕ್ಕೆ ಕೂಡುವುದಿಲ್ಲವಾದ್ದರಿಂದ, ಆರ್ಡರ್ ಮಾಡುವ ಮೊದಲು ಕಾರಿನ ವರ್ಷವನ್ನಲ್ಲ, ಕಾರಿನಲ್ಲಿ ಈಗಿರುವ ಚೌಕಟ್ಟನ್ನು ನೋಡಬೇಕು. ಐವತ್ತು ವರ್ಷಗಳಲ್ಲಿ ಯಾರು ಯಾವುದನ್ನು ಬದಲಿಸಿದ್ದಾರೋ ಹೇಳಲಾಗದು.

ಬಟ್ಟೆಯ ವಿಷಯಕ್ಕೆ ಬರುತ್ತೇನೆ. ಮೊಹೇರ್ ಎಂದರೆ ಅಂಗೋರಾ ಮೇಕೆಯ ಕೂದಲು. ಈಗ ಆ ಹೆಸರಿನಲ್ಲಿ ಮಾರುವ ಹುಡ್ ಬಟ್ಟೆಯಲ್ಲಿ ಮೇಕೆಯ ಸುಳಿವೂ ಇಲ್ಲ. ಹೊರಗೆ ಅಕ್ರಿಲಿಕ್ ನೂಲಿನ ನೇಯ್ಗೆ, ನಡುವೆ ನೀರು ತಡೆಯುವ ರಬ್ಬರಿನ ತೆಳು ಪದರ, ಒಳಗೆ ಹತ್ತಿ ಬೆರೆತ ಅಸ್ತರಿ ಹೀಗೆ ಮೂರು ಪದರಗಳನ್ನು ಒಂದಾಗಿಸಿದ ಬಟ್ಟೆಯಿದು. ಕಾರ್ಖಾನೆಯಿಂದ ಎಂಜಿಬಿ ಬರುತ್ತಿದ್ದದ್ದು ವಿನೈಲ್ ಹುಡ್‌ನೊಂದಿಗೇ. ಆದ್ದರಿಂದ ಪ್ರದರ್ಶನದಲ್ಲಿ ಕಾರು ನಿಲ್ಲಿಸಿ ಮೂಲ ಸ್ಥಿತಿಗೆ ಬಹುಮಾನ ಪಡೆಯಬೇಕೆನ್ನುವವರು ವಿನೈಲನ್ನೇ ಹಾಕಬೇಕು. ಓಡಿಸುವವರಿಗೆ ನನ್ನ ಮತ ಮೊಹೇರ್‌ಗೆ. ಬೆಲೆ ವಿನೈಲ್‌ಗಿಂತ ಹೆಚ್ಚುಕಡಿಮೆ ಇಮ್ಮಡಿಯಾಯಿತು, ಆದರೆ ಚಳಿಯಲ್ಲಿ ಇದು ಹಪ್ಪಳದಂತೆ ಸೆಟೆದುಕೊಳ್ಳುವುದಿಲ್ಲ, ಹೊಲಿಗೆಯ ಬಳಿ ಸುಕ್ಕು ಬಿದ್ದಿಲ್ಲ, ಹೆದ್ದಾರಿಯಲ್ಲಿ ಪಟಪಟ ಸದ್ದು ಹಳೆಯದಕ್ಕಿಂತ ಸ್ಪಷ್ಟವಾಗಿ ಕಡಿಮೆಯಿದೆ. ಈ ಹದಿನಾಲ್ಕು ತಿಂಗಳಲ್ಲಿ ಬಟ್ಟೆಯ ಮೂಲಕ ಒಂದು ಹನಿಯೂ ಒಳಗೆ ಬಂದಿಲ್ಲ.

ಇಷ್ಟಾದರೂ, ಬಟ್ಟೆ ಎಷ್ಟೇ ಒಳ್ಳೆಯದಿರಲಿ, ಅದರ ಕೆಳಗಿನ ಕಾರು ನೆಟ್ಟಗಿಲ್ಲದಿದ್ದರೆ ಹುಡ್ ಕೂರುವುದಿಲ್ಲ. ಇದನ್ನು ನಾನು ಕಲಿತದ್ದು ಹಣ ಕೊಟ್ಟು. ರೋಡ್‌ಸ್ಟರ್‌ಗೆ ಗಟ್ಟಿ ಚಾವಣಿಯಿಲ್ಲದ ಕಾರಣ ಅದರ ಬೆನ್ನುಮೂಳೆಯ ಬಲವೆಲ್ಲ ಬಾಗಿಲುಗಳ ಕೆಳಗೆ ಪೆಟ್ಟಿಗೆಯಂತೆ ಉದ್ದಕ್ಕೆ ಓಡುವ ಸಿಲ್‌ಗಳಲ್ಲಿ ಮತ್ತು ನಡುವಿನ ಗೇರ್‌ಬಾಕ್ಸ್ ಸುರಂಗದಲ್ಲಿದೆ. ತುಕ್ಕು ಹಿಡಿದ ಸಿಲ್ ಕತ್ತರಿಸುವ ಮೊದಲು ಬಾಗಿಲಿನ ತೆರವಿಗೆ ಅಡ್ಡಲಾಗಿ ಕಬ್ಬಿಣದ ಕೊಳವೆ ಬೆಸೆದು ಬಿಗಿಮಾಡದಿದ್ದರೆ, ಕಾರು ನಡುವಿನಲ್ಲಿ ಕುಸಿದು ಬಾಗಿಲಿನ ಮೇಲಿನ ಸಂದು ಕಿರಿದಾಗುತ್ತದೆ. ನನ್ನ ಕಾರಿಗೆ ಟಿಂಕರಿಂಗ್ ಮಾಡಿದ ವರ್ಕ್‌ಶಾಪಿನವರು, ಹೆಸರು ಬೇಡ, ಎಡಗಡೆ ಕೊಳವೆ ಹಾಕಿದ್ದರು, ಬಲಗಡೆ ಹಾಕಿರಲಿಲ್ಲ. ಬಾಗಿಲು ಮುಚ್ಚಿಕೊಳ್ಳುತ್ತಿತ್ತು, ಕಣ್ಣಿಗೆ ಏನೂ ತಿಳಿಯುತ್ತಿರಲಿಲ್ಲ. ಪೇಂಟ್‌ಗೆ ಕಳಿಸುವ ಮುನ್ನ ಯಾವುದೋ ಪುಣ್ಯಕ್ಕೆ ಬರಿಯ ಚೌಕಟ್ಟನ್ನು ಕಾರಿನ ಮೇಲೆ ಬಿಡಿಸಿ ನೋಡಿದೆ: ಮುಂದಿನ ಅಡ್ಡಪಟ್ಟಿ ಎಡಗಡೆ ವಿಂಡ್‌ಸ್ಕ್ರೀನಿನ ಮೇಲಂಚಿಗೆ ಸರಿಯಾಗಿ ಕೂತಿತ್ತು, ಬಲಗಡೆ ಹೆಬ್ಬೆರಳಿನ ಅರ್ಧದಷ್ಟು ಮುಂದಕ್ಕೆ ಚಾಚಿಕೊಂಡಿತ್ತು. ಬಲಗಡೆಯ ಸಿಲ್ಲನ್ನು ಮತ್ತೆ ಕತ್ತರಿಸಿ, ಕಾರನ್ನು ಜ್ಯಾಕಿನಿಂದ ಎತ್ತಿ ಅಳತೆಗೆ ತಂದು ಬೆಸೆಯಲು ಮೂರು ವಾರ ಹಿಡಿಯಿತು. ಅದೇ ಪೇಂಟ್ ಆದ ಮೇಲೆ ಗೊತ್ತಾಗಿದ್ದರೆ ಈ ವಿಮರ್ಶೆಯ ಧಾಟಿಯೇ ಬೇರೆಯಾಗಿರುತ್ತಿತ್ತು.

ಹೊಂದಿಸುವ ಕೆಲಸ ಕಷ್ಟದ್ದಲ್ಲ, ಆದರೆ ಅವಸರಕ್ಕೆ ಬಗ್ಗುವಂಥದ್ದಲ್ಲ. ಹಿಂದಿನ ಅಂಚಿನಲ್ಲಿರುವ ಲೋಹದ ಪಟ್ಟಿಯನ್ನು ಡಿಕ್ಕಿಯ ಮುಂದಿನ ಎರಡು ಕ್ರೋಮ್ ಕೊಕ್ಕೆಗಳಿಗೆ ಸಿಕ್ಕಿಸಿ, ಚಿಲಕ ಹಾಕಿದ ಚೌಕಟ್ಟಿನ ಮೇಲೆ ಬಟ್ಟೆಯನ್ನು ಮುಂದಕ್ಕೆಳೆದು, ಅದು ಅಡ್ಡಪಟ್ಟಿಯನ್ನು ದಾಟುವ ಗೆರೆಯನ್ನು ಸೀಮೆಸುಣ್ಣದಿಂದ ಗುರುತಿಸಿಕೊಳ್ಳಬೇಕು. ಆಮೇಲೆ ಚಿಲಕ ಬಿಚ್ಚಿ, ಪಟ್ಟಿಗೂ ಬಟ್ಟೆಗೂ ಅಂಟು ಬಳಿದು, ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ, ಗುರುತಿಗಿಂತ ನಾಲ್ಕೈದು ಮಿಲಿಮೀಟರ್ ಬಿಗಿಯಾಗಿ ಎಳೆದು ಅಂಟಿಸಬೇಕು. ನಡುವಿನಿಂದ ಶುರುಮಾಡಿ ಎರಡೂ ಬದಿಗೆ ಸಾಗದೆ ಒಂದು ಮೂಲೆಯಿಂದ ಹೊರಟರೆ ಸುಕ್ಕೆಲ್ಲ ಇನ್ನೊಂದು ಮೂಲೆಗೆ ಬಂದು ನಿಲ್ಲುತ್ತದೆ. ಕೊನೆಗೆ ರಬ್ಬರ್ ಬೀಡಿಂಗ್ ಹಿಡಿಯುವ ಅಲ್ಯೂಮಿನಿಯಂ ಪಟ್ಟಿಯನ್ನು ಕೆಳಗಿನಿಂದ ರಿವೆಟ್ ಹೊಡೆದು ಕೂರಿಸುವುದು. ಬಿಸಿಲಿರುವ ದಿನ ಆರಿಸಿಕೊಂಡು, ಬಟ್ಟೆಯನ್ನು ಎರಡು ಗಂಟೆ ಅಂಗಳದಲ್ಲಿ ಹರಡಿಟ್ಟು ಮೆತ್ತಗಾದ ಮೇಲೆ ಕೈಹಾಕಿದ್ದರಿಂದ ನನಗೆ ಒಂದೇ ದಿನದಲ್ಲಿ ಮುಗಿಯಿತು; ಹೆಂಡತಿ ಎದುರು ಬದಿಯಲ್ಲಿ ನಿಂತು ಎಳೆಯದಿದ್ದರೆ ಮುಗಿಯುತ್ತಿರಲಿಲ್ಲ.

ಕಿಟ್ಟಿನ ಬಗ್ಗೆ ನನ್ನ ದೊಡ್ಡ ತಕರಾರು ಪ್ರೆಸ್ ಬಟನ್‌ಗಳದ್ದು. ಬದಿಯ ಬಟನ್‌ಗಳನ್ನೆಲ್ಲ ಕಾರ್ಖಾನೆಯಲ್ಲೇ ಬಟ್ಟೆಗೆ ಹೊಡೆದು ಕಳಿಸುತ್ತಾರೆ, ಅದನ್ನೇ ಅನುಕೂಲವೆಂದು ಜಾಹೀರಾತಿನಲ್ಲಿ ಹೇಳುತ್ತಾರೆ. ಊರಿನಲ್ಲಿ ಜೀಪಿಗೆ ಟಾಪ್ ಹೊಲಿಸುವಾಗ ಕುಶನ್ ಅಂಗಡಿಯವನು ಗಾಡಿಯನ್ನು ಎದುರಿಗೆ ನಿಲ್ಲಿಸಿಕೊಂಡು, ಆ ಗಾಡಿಯ ಮೈಗೆ ತಕ್ಕಂತೆ ಗುರುತು ಹಾಕಿ, ಕೊನೆಯಲ್ಲಷ್ಟೇ ಬಟನ್ ಹೊಡೆಯುತ್ತಾನೆ. ರಿಪೇರಿ ಕಂಡ ಎರಡು ಎಂಜಿಬಿಗಳು ಮಿಲಿಮೀಟರ್ ಲೆಕ್ಕದಲ್ಲಿ ಒಂದೇ ಇರುವುದು ಸಾಧ್ಯವೇ ಇಲ್ಲದಿರುವಾಗ, ಮೊದಲೇ ಹೊಡೆದ ಬಟನ್ ಎಂದರೆ ಅಳತೆ ತೆಗೆಯದೆ ಹೊಲಿದ ಅಂಗಿಯ ಕಾಜಾ ಇದ್ದ ಹಾಗೆ. ಅಷ್ಟೆಲ್ಲ ಸರಿಪಡಿಸಿದ ಮೇಲೂ ಬಲ ಹಿಂಬದಿಯ ಎರಡು ಬಟನ್‌ಗಳು ಬಾಡಿಯ ಮೇಲಿನ ಮೊಳೆಗಳಿಗಿಂತ 8 ಮಿಲಿಮೀಟರ್ ಕೆಳಗೆ ಬಂದವು. ಬಟ್ಟೆಯಲ್ಲಿ ಆದ ತೂತು ಮುಚ್ಚಲಾಗದು. ಹೊಸ ಪೇಂಟಿನಲ್ಲಿ ಹೊಸ ತೂತು ಕೊರೆಯಬೇಕಾಯಿತು, ಹಳೆಯ ತೂತುಗಳನ್ನು ಕಪ್ಪು ಬಿರಡೆಯಿಂದ ಮುಚ್ಚಿದ್ದೇನೆ, ಪ್ರತಿಸಲ ಕಾರು ತೊಳೆಯುವಾಗಲೂ ಅವು ಕಣ್ಣಿಗೆ ಚುಚ್ಚುತ್ತವೆ. ಮಾರಾಟಗಾರರಿಗೆ ಚಿತ್ರಸಹಿತ ಬರೆದದ್ದಕ್ಕೆ, ನಮ್ಮ ಅಚ್ಚು ಸರಿಯಾಗಿದೆ, ನಿಮ್ಮ ಕಾರನ್ನು ಪರೀಕ್ಷಿಸಿಕೊಳ್ಳಿ ಎಂಬ ಉತ್ತರ ಬಂತು. ಉತ್ತರ ಪೂರ್ತಿ ಸುಳ್ಳಲ್ಲ ಎಂಬುದೇ ಸಂಕಟ. ಬಟನ್ ಇಲ್ಲದ ಕಿಟ್ ಕೇಳಿದರೆ ಕಳಿಸುತ್ತಾರೆಂದು ಆಮೇಲೆ ತಿಳಿಯಿತು. ಕೊಳ್ಳುವವರು ಅದನ್ನೇ ಕೇಳಿ ಪಡೆಯಿರಿ.

ಹಿಂದಿನ ಕಿಟಕಿ ಇನ್ನೂ ತಿಳಿಯಾಗಿದೆ. ಪಾರದರ್ಶಕ ಪ್ಲಾಸ್ಟಿಕ್ ಎಂದಮೇಲೆ ಅದರ ಆಯುಷ್ಯ ಬಳಸುವವರ ಕೈಯಲ್ಲೇ ಇದೆ: ಒದ್ದೆಯಿರುವಾಗ, ಚಳಿಯಲ್ಲಿ ಸೆಟೆದಿರುವಾಗ ಮಡಚಬಾರದು, ಮಡಚುವಾಗ ನಡುವೆ ಒಂದು ಮೆತ್ತನೆಯ ಬಟ್ಟೆ ಇಡಬೇಕು. ಹೊಸ ಹುಡ್ಡನ್ನು ಮೊದಲ ಆರು ವಾರ ಬಿಚ್ಚದೆ ಬಿಗಿಯಾಗಿಯೇ ಬಿಟ್ಟಿದ್ದೆ. ಇಂಗ್ಲೆಂಡಿನ ಬೇಸಿಗೆಯಲ್ಲಿ ಬಿಸಿಲಿರುವ ಆರು ವಾರ ಚಾವಣಿ ಮುಚ್ಚಿಕೊಂಡು ತೆರೆದ ಕಾರು ಓಡಿಸಿದ ದುಃಖವನ್ನು ಇಲ್ಲಿ ದಾಖಲಿಸುತ್ತೇನೆ.

ಬಟ್ಟೆ ಮತ್ತು ಹೊಲಿಗೆಗೆ ಹತ್ತಕ್ಕೆ ಹತ್ತು, ಜೊತೆಗೆ ಬಂದ ಸೂಚನಾ ಹಾಳೆಗೆ ಮೂರು, ಬಟನ್‌ಗಳಿಗೆ ಸೊನ್ನೆ. ಇದೇ ಕಿಟ್ಟನ್ನು, ಬಟನ್ ಬಿಟ್ಟು, ಮತ್ತೆ ಕೊಳ್ಳುತ್ತೇನೆ. ಜೋರು ಮಳೆಯಲ್ಲಿ ಐವತ್ತು ಮೈಲಿ ವೇಗ ದಾಟಿದರೆ, ಅಡ್ಡಪಟ್ಟಿಯ ಬಲ ತುದಿ ಬಾಗಿಲ ಗಾಜಿನ ಮೂಲೆಯನ್ನು ಸೇರುವಲ್ಲಿಂದ ಒಂದೊಂದೇ ಹನಿ ನನ್ನ ಬಲ ಮೊಣಕಾಲಿನ ಮೇಲೆ ಈಗಲೂ ಬೀಳುತ್ತದೆ. ಅದು ಹುಡ್‌ನ ತಪ್ಪಲ್ಲ, ನಾನು ಜೋಡಿಸಿದ ವಿಂಡ್‌ಸ್ಕ್ರೀನ್ ಚೌಕಟ್ಟಿನದ್ದು. ಆ ಚೌಕಟ್ಟನ್ನು ಒಮ್ಮೆ ಬಿಚ್ಚಿ ಜೋಡಿಸಿದವರು ಯಾರೂ ಎರಡನೆಯ ಸಲ ಅದರ ತಂಟೆಗೆ ಹೋಗುವುದಿಲ್ಲ. ಬಾಗಿಲ ಜೇಬಿನಲ್ಲಿ ಒಂದು ಚಿಕ್ಕ ಟವೆಲ್ ಇಟ್ಟುಕೊಂಡಿದ್ದೇನೆ.