ಇಂಗ್ಲಿಷ್ ಪದ ಕಲಿಕೆಗೆ ಆಂಕಿ: ಆಪ್ ಒಳ್ಳೆಯದು, ಕಾರ್ಡ್ ಬರೆಯುವ ರೀತಿ ಸರಿಯಿರಬೇಕು

ಆಂಕಿ ಎಂದರೆ ಒಂದು ಬದಿ ಪ್ರಶ್ನೆ, ಇನ್ನೊಂದು ಬದಿ ಉತ್ತರ ಇರುವ ಕಾರ್ಡ್‌ಗಳ ಆಪ್. ಮರೆಯುವ ಹೊತ್ತಿಗೆ ಸರಿಯಾಗಿ ಮತ್ತೆ ಕೇಳುವುದೇ ಅದರ ಕೆಲಸ. ಕಂಪ್ಯೂಟರ್, ಆಂಡ್ರಾಯ್ಡ್‌ನಲ್ಲಿ ಉಚಿತ. ಐಫೋನಿಗೆ ದುಡ್ಡು ಕೊಡಬೇಕು.

ಕನ್ನಡಿಗರು ಸಾಮಾನ್ಯವಾಗಿ ಒಂದು ಬದಿ 'ಮ್ಯಾರೀಡ್', ಇನ್ನೊಂದು ಬದಿ 'ಮದುವೆಯಾದ' ಎಂದು ಬರೆದುಬಿಡುತ್ತಾರೆ. ಅರ್ಥವೇನೋ ನೆನಪಿರುತ್ತದೆ, ಮಾತಾಡುವಾಗ ಮಾತ್ರ 'ಮ್ಯಾರೀಡ್ ವಿತ್' ಎಂದೇ ಬಾಯಿಗೆ ಬರುತ್ತದೆ. ನಮ್ಮ 'ಜೊತೆ' ಹಾಗೆ ಎಳೆಯುತ್ತದೆ. ಬದಲಿಗೆ ಕ್ಲೋಜ್ ಕಾರ್ಡ್, ಅಂದರೆ ಬಿಟ್ಟ ಸ್ಥಳ ತುಂಬುವ ಕಾರ್ಡ್ ಮಾಡಿ: 'ಶೀ ಈಸ್ ಮ್ಯಾರೀಡ್ ___ ಎ ಡಾಕ್ಟರ್'. ಉತ್ತರ 'ಟು'. ಒಂದು ಕಾರ್ಡಿಗೆ ಒಂದೇ ಬಿಟ್ಟ ಸ್ಥಳ. ಇಡೀ ಆಪ್‌ನಲ್ಲಿ ನಮಗೆ ಅತಿ ಹೆಚ್ಚು ಪ್ರಯೋಜನದ ಸೌಲಭ್ಯ ಇದೇ.

ದಿನಕ್ಕೆ 20 ಹೊಸ ಕಾರ್ಡ್ ಎಂಬುದು ಮೊದಲೇ ಇರುವ ಸೆಟ್ಟಿಂಗ್. ಹಾಗೇ ಬಿಟ್ಟರೆ ಕೆಲವು ವಾರಗಳಲ್ಲಿ ದಿನಕ್ಕೆ 200ರ ಆಸುಪಾಸು ಪುನರಾವರ್ತನೆ ಬಂದು ಬೀಳುತ್ತದೆ. ಬಹಳ ಜನ ಕೈಬಿಡುವುದು ಅಲ್ಲೇ. 8ಕ್ಕೆ ಇಳಿಸಿ.

ಉತ್ತರ ನೋಡಿದ ಮೇಲೆ, ಮರೆತಿದ್ದರೆ 'ಅಗೇನ್' ಬಟನ್ ಒತ್ತಬೇಕು, 'ಹಾರ್ಡ್' ಅಲ್ಲ. ಹಾರ್ಡ್ ಎಂದರೆ ಕಷ್ಟಪಟ್ಟಾದರೂ ನೆನಪಾಯಿತು ಎಂದೇ ಲೆಕ್ಕ. ಮುಂದಿನ ದಿನಾಂಕ ದೂರ ಹೋಗುತ್ತದೆ. 8 ಸಲ ಮರೆತ ಕಾರ್ಡನ್ನು ಆಂಕಿ 'ಲೀಚ್' ಎಂದು ಗುರುತಿಸುತ್ತದೆ. ಅದನ್ನು ಬೇರೆ ವಾಕ್ಯದಲ್ಲಿ ಹೊಸದಾಗಿ ಬರೆಯಿರಿ.

ಪತ್ರಿಕೆ, ಕಾದಂಬರಿಗಳನ್ನು ಯಾರ ನೆರವೂ ಇಲ್ಲದೆ ಓದಲು 8,000ದಿಂದ 9,000 ಪದಕುಟುಂಬಗಳು (ಒಂದು ಮೂಲಪದ ಮತ್ತು ಅದರ ರೂಪಗಳು ಸೇರಿ ಒಂದು ಕುಟುಂಬ) ಬೇಕೆಂದು ಭಾಷಾತಜ್ಞ ಪಾಲ್ ನೇಷನ್ 2006ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಅಷ್ಟನ್ನೂ ಕಾರ್ಡಿನಲ್ಲೇ ಕಲಿಯುವುದು ಆಗದ ಮಾತು. ಮೊದಲ 2,000ಕ್ಕೆ ಆಂಕಿ ಸಾಕು, ಆಮೇಲೆ ಓದು ಹೆಚ್ಚಿಸಿ.